ಬೆಂಡೆಯ ಲೋಳೆ, ಹಾಲಮ್ಮನ ಹಂಡೆ

ಅಡುಗೆಮನೆಯಲ್ಲಿ ಬೆಂಡೆಕಾಯಿಯ ಲೋಳೆಗೆ ಮರ್ಯಾದೆ ಇಲ್ಲ. ಕಾಯಿ ತೊಳೆದು, ಒರೆಸಿ, ಆರಲು ಬಿಟ್ಟು, ಆಮೇಲೆ ಹೆಚ್ಚಿ, ಹುಣಸೆ ರಸವನ್ನೋ ಮಜ್ಜಿಗೆಯನ್ನೋ ಹಾಕಿ, ಹೇಗಾದರೂ ಮಾಡಿ ಅದನ್ನು ಓಡಿಸಿದರೆ ಮಾತ್ರ ಪಲ್ಯ ಪಲ್ಯವೆನಿಸುತ್ತದೆ. ನಾನು ಕೆಲಸ ಮಾಡಿದ ಜಾಗದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಲೋಳೆಯೇ ದೊರೆ, ಉಳಿದ ಬೆಂಡೆಕಾಯಿ ಬರೀ ಸಿಪ್ಪೆ. ಹರಿಹರದ ಹೊರಗಿನ ಒಂದು ಸಣ್ಣ ಘಟಕದಲ್ಲಿ ತರಕಾರಿಯಿಂದ ಲೋಳೆ ತೆಗೆದು, ಒಣಗಿಸಿ, ಪುಡಿ ಮಾಡಿ, ಮಾತ್ರೆ ಮತ್ತು ಸಿರಪ್ ತಯಾರಿಸುವವರಿಗೆ ಕಳಿಸುವುದು ನಮ್ಮ ಕಸುಬಾಗಿತ್ತು. ಪ್ರಯೋಗಾಲಯದ ಸಹಾಯಕಿಯಾಗಿ ಸೇರಿ, ಅದೇ ಪ್ರಯೋಗಾಲಯದ ಮೇಲ್ವಿಚಾರಕಿಯಾಗಿ ಹೊರಬಂದೆ. ನಡುವಿನ ಬಡ್ತಿಗಳ ಕಥೆ ನನಗೇ ಬೇಸರ, ನಿಮಗೇಕೆ ಕೊರೆಯಲಿ?

ಆದರೂ ಈಗ ಎಂ.ಎಸ್ಸಿ. ಮುಗಿಸಿ ಬಿಳಿ ಕೋಟು ತೊಟ್ಟು ಈ ಕೆಲಸಕ್ಕೆ ಬರುವ ಮಕ್ಕಳನ್ನು ನೋಡಿದಾಗ ಒಂದಷ್ಟು ಹೇಳಬೇಕೆನಿಸುತ್ತದೆ. ಪುಸ್ತಕದಲ್ಲಿ ಎಲ್ಲವೂ ಇದೆ; ಆದರೆ ಸಾಹೇಬರು ಇಲ್ಲ, ಹಬ್ಬ ಇಲ್ಲ, ಹಾಲಮ್ಮ ಇಲ್ಲ. ಕೆಲಸ ಕೆಡುವುದೂ ನಿಲ್ಲುವುದೂ ಅವರಿಂದಲೇ.

ಮೊದಲು ಲೋಳೆಯ ವಿಚಾರ. ಸಕ್ಕರೆಯ ಸಣ್ಣ ಸಣ್ಣ ತುಣುಕುಗಳು ಮಣಿಗಳ ಹಾಗೆ ಒಂದಕ್ಕೊಂದು ಕೂಡಿಕೊಂಡು ಉದ್ದ ಸರವಾದರೆ ಅದಕ್ಕೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಬೆಂಡೆ, ಬಸಳೆ, ನುಗ್ಗೆ, ಕುಂಬಳ, ಎಲ್ಲದರಲ್ಲೂ ಒಂದೊಂದು ಜಾತಿಯದು ಇದೆ. ಬೆಂಡೆಯದು ಜಿಗುಟು. ಸಿರಪ್ಪನ್ನು ಮಂದವಾಗಿಸಲು, ಮಾತ್ರೆ ಪುಡಿಯಾಗದಂತೆ ಹಿಡಿದಿಡಲು ಅದು ಬೇಕು. ಹೊಟ್ಟೆಗೂ ಒಳ್ಳೆಯದು ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಊರಿನ ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಈಳಿಗೆಮಣೆ ಬದಿಗಿಟ್ಟು ನನ್ನನ್ನೇ ನೋಡಿದರು.

"ಅಲ್ಲವ್ವಾ, ಅದನ್ನ ತೆಗಿಯಾಕೆ ನಾವು ಜೀವಮಾನ ಎಲ್ಲಾ ಬಡ್ಕಂಡೀವಿ. ನಿಮ್ ಸಾಹೇಬ್ರು ಅದನ್ನೇ ತಗಂಡು ಡಬ್ಬೀಲಿ ತುಂಬ್ತಾರಾ? ಹೇಳಿದ್ರೆ ನಾನೇ ದಿನಾ ಬಳ್ದು ಕೊಡ್ತಿದ್ನಲ್ಲ."

ಅವರು ಕೊನೆಯವರೆಗೂ ನಂಬಲಿಲ್ಲ. ನೆಂಟರು ಬಂದಾಗ ಮಾತ್ರ "ನಮ್ ಸೊಸಿ ಔಷಧಿ ಫ್ಯಾಕ್ಟರೀಲಿ ಅದಾಳೆ" ಎಂದು ಲೋಳೆಯ ಹೆಸರೆತ್ತದೆ ಮುಗಿಸುತ್ತಿದ್ದರು.

ಯಂತ್ರ ಬರುವ ಮೊದಲು ನಮ್ಮಲ್ಲಿದ್ದದ್ದು ಹಂಡೆ. ಮದುವೆಮನೆಯ ಸಾರಿನ ಹಂಡೆಯನ್ನು ಮರಿ ಎನ್ನಬೇಕು, ಅಷ್ಟು ದೊಡ್ಡದು. ಕೆಳಗೆ ಬರ್ನರು, ಮೇಲೆ ಹೆಚ್ಚಿದ ಬೆಂಡೆ ಮತ್ತು ನೀರು, ಗಂಟೆಗಟ್ಟಲೆ ಕುದಿ. ತಳ ಹಿಡಿಯದಂತೆ ಮರದ ಹುಟ್ಟಿನಿಂದ ತಿರುವುತ್ತ ನಿಲ್ಲುವವಳು ಹಾಲಮ್ಮ. ಹತ್ತಿರದ ಸಾರಥಿ ಎಂಬ ಊರಿನವಳು. ಬೆಳಗಿನ ಬಸ್ಸಿಗೆ ಬರುವಳು, ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಲ್ಲಿ ಸದಾ ಒಂದು ಮಾತು. ಹಂಡೆಗೆ ಅವಳು ಇಟ್ಟ ಹೆಸರು "ನಮ್ಮತ್ತೆ". "ನಮ್ಮತ್ತೆ ಇವತ್ತು ಸಿಟ್ಟಾಗೈತೆ ಅಕ್ಕಾ, ಹತ್ರ ಬರ್ಬ್ಯಾಡ" ಎಂದರೆ ಉರಿ ಜಾಸ್ತಿಯಾಗಿದೆ ಎಂದು ತಿಳಿಯಬೇಕು.

ಒಂದು ದಿನ ಹಂಡೆ ನಿಜವಾಗಿಯೂ ಸಿಟ್ಟಾಯಿತು. ಉಕ್ಕಿ ಬಂದದ್ದು ಹಾಲಮ್ಮನ ಬಲಗೈ ಮೇಲೆ ಬಿತ್ತು. ಬಿಸಿನೀರು ಬಿದ್ದರೆ ಜಾರಿಯಾದರೂ ಹೋಗುತ್ತದೆ, ಬಿಸಿ ಲೋಳೆ ಹೋಗುವುದಿಲ್ಲ. ಅಂಟಿಕೊಂಡು ಕೂತು ಸುಡುತ್ತದೆ. ನಾವು ನೀರು ಸುರಿಯುತ್ತಿದ್ದೆವು, ಅವಳು ಕೈ ಕೊಡವುತ್ತಿದ್ದಳು, ಅದು ಬಿಡುತ್ತಿರಲಿಲ್ಲ. ಗಾಯ ಮಾಯಿತು, ಚರ್ಮ ಮೊದಲಿನಂತಾಗಲಿಲ್ಲ. ರಜೆ ಮುಗಿಸಿ ಬಂದವಳು ಮತ್ತೆ ಹಂಡೆಯ ಮುಂದೆಯೇ ನಿಂತಳು, ಆದರೆ ಆಮೇಲೆ ಅದನ್ನು ಅತ್ತೆ ಎಂದು ಕರೆಯಲಿಲ್ಲ. ಮಾತೂ ಕಡಿಮೆಯಾಯಿತು. ಅವಳಿಗೆ ಹೆದರಿಕೆಯಾಗಿತ್ತು, ಮತ್ತು ಆ ಹೆದರಿಕೆ ಹೊತ್ತುಕೊಂಡೇ ದಿನಾ ಬರುತ್ತಿದ್ದಳು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಹೀಗಿರುವಾಗ ನಮ್ಮ ಸಾಹೇಬರು ಅಲ್ಟ್ರಾಸೌಂಡ್ ಯಂತ್ರದ ಸುದ್ದಿ ತಂದರು. ಚನ್ನಬಸಪ್ಪನವರು ಘಟಕದ ಒಡೆಯರು, ಸ್ವತಃ ಕೆಮಿಸ್ಟ್ರಿ ಓದಿದವರು. ಒಳ್ಳೆಯ ಮನುಷ್ಯ, ಒಳ್ಳೆಯತನದ ಜೊತೆಗೆ ಅವಸರವನ್ನೂ ದೇವರು ಅವರಿಗೆ ಧಾರಾಳವಾಗಿ ಕೊಟ್ಟಿದ್ದ. ಮೊದಲು ಸಣ್ಣ ಯಂತ್ರ ತರಿಸುವುದು, ಅದರಲ್ಲಿ ತೆಗೆದ ಪುಡಿಯನ್ನು ಬೆಂಗಳೂರಿನ ದೊಡ್ಡ ಗಿರಾಕಿಗೆ ಕಳಿಸುವುದು, ಅವರು ಒಪ್ಪಿದರೆ ಅದೇ ಜಾತಿಯ ದೊಡ್ಡ ಯಂತ್ರ ತಂದು ಹಂಡೆಯನ್ನು ಗುಜರಿಗೆ ಹಾಕುವುದು, ಒಪ್ಪದಿದ್ದರೆ ಯಂತ್ರ ವಾಪಸ್. ಇದು ಅವರ ಲೆಕ್ಕ. ಇದನ್ನು ಕೇಳಿದ ದಿನ ಹಾಲಮ್ಮ ನನ್ನನ್ನು ಮೂಲೆಗೆ ಕರೆದಳು.

"ಅದು ಬಂದ್ರೆ ಹಂಡೆ ಹೋಗ್ತೈತಾ ಅಕ್ಕಾ?"

"ಹೋಗ್ತೈತೆ."

"ನಾನೂ ಹೋಗ್ತೀನಾ?"

ನಾನು ಸಾಹೇಬರನ್ನೇ ಕೇಳಿದೆ. ಅವರು ತಲೆ ಎತ್ತದೆ, "ಮಿಷನ್ ರೂಮಿಗೆ ಒಬ್ಬರು ಬೇಕಲ್ಲ, ಹಾಲಮ್ಮ ಇರ್ಲಿ" ಎಂದುಬಿಟ್ಟರು. ಅಂದಿನಿಂದ ಆ ಯಂತ್ರ ಗೆಲ್ಲಬೇಕೆಂದು ಸಾಹೇಬರಿಗಿಂತ ಹೆಚ್ಚು ಹಂಬಲಿಸಿದವಳು ಹಾಲಮ್ಮ.

ಯಂತ್ರ ಬಂತು, ಪರೀಕ್ಷೆ ಮುಗಿಯುವವರೆಗೆ ಹಂಡೆಯ ಉರಿ ಆರಿಸಿದರು. ನೋಡಿದರೆ ಏನೂ ಇಲ್ಲ: ಒಂದು ಪೆಟ್ಟಿಗೆ, ಅದರೊಳಗೆ ತಲೆಕೆಳಗಾಗಿ ನೇತುಬಿದ್ದ ಬೆರಳು ದಪ್ಪದ ಲೋಹದ ಕಡ್ಡಿ. ಕಡ್ಡಿಯ ತುದಿಯನ್ನು ಬೆಂಡೆಯ ನೀರಿನಲ್ಲಿ ಅದ್ದಿ ಸ್ವಿಚ್ ಒತ್ತಿದರೆ ಅದು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತದೆ. ನೀರಿನೊಳಗೆ ಕೋಟಿಗಟ್ಟಲೆ ಸಣ್ಣ ಗುಳ್ಳೆಗಳು ಹುಟ್ಟಿ, ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತವೆ. ಆ ಸಿಡಿತಕ್ಕೆ ಕಾಯಿಯ ಜೀವಕೋಶದ ಗೋಡೆ ಹರಿದು ಲೋಳೆ ಹೊರಗೆ ಬರುತ್ತದೆ. ಕುದಿಸಬೇಕಾಗಿಲ್ಲ. ಬದಲಿಗೆ ಬಿಸಿಯಾಗದಂತೆ ಸುತ್ತಲೂ ಮಂಜುಗಡ್ಡೆ ಇಡಬೇಕು. ನಮ್ಮ ಕಿವಿಗೆ ಕೇಳದ ಧ್ವನಿ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ಅದರ ಪಕ್ಕ ನಿಂತಿರಲಿಕ್ಕಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕದಿದ್ದರೆ ಹಲ್ಲು ಜುಮ್ಮೆನ್ನುವ ಕಿರುಚಾಟ. ಮೊದಲ ದಿನ ಹೊರಗೆ ಮಲಗಿದ್ದ ನಾಯಿ ಎದ್ದು ಹೋದದ್ದು ಮತ್ತೆ ನಮ್ಮ ಕಾಂಪೌಂಡಿಗೆ ಬರಲಿಲ್ಲ.

ಊರಲ್ಲಿ ಬೇರೆ ಸುದ್ದಿ. ನಮ್ಮ ಬಡಾವಣೆಯಲ್ಲಿ ಹೆಜ್ಜೆಗೊಂದು ಸ್ಕ್ಯಾನಿಂಗ್ ಸೆಂಟರು. ದಿನಾ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡುವ ಆಟೋದವನಿಗೆ ಅಲ್ಟ್ರಾಸೌಂಡ್ ಎಂದರೆ ಅದೊಂದೇ. "ಬೆಂಡೆಕಾಯಿಗೂ ಸ್ಕ್ಯಾನಿಂಗ್ ಬಂತಾ ಅಕ್ಕಾರೆ? ಗಂಡೋ ಹೆಣ್ಣೋ ಅಂತ ಮಾತ್ರ ಹೇಳ್ಬ್ಯಾಡ್ರಿ, ಕೇಸ್ ಆಗ್ತೈತೆ" ಎಂದು ಗಂಭೀರವಾಗಿಯೇ ಎಚ್ಚರಿಸಿದ.

ಯಂತ್ರ ಬಂದ ಹೊಸದರಲ್ಲಿ ಸಾಹೇಬರ ಅವಸರ ತಲೆಯೆತ್ತಿತು. ಸ್ವಲ್ಪ ಹೊತ್ತು ಓಡಿಸಿದರೆ ಇಷ್ಟು ಬರುತ್ತದಾದರೆ, ಹೆಚ್ಚು ಹೊತ್ತು ಓಡಿಸಿದರೆ ಹೆಚ್ಚು ಬರಬೇಕಲ್ಲ? ಓಡಿಸಿದರು. ತೂಕ ಹೆಚ್ಚೇ ಬಂತು. ಖುಷಿಯಿಂದ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದರು. ನಾನು ಆ ಪುಡಿಯನ್ನು ನೀರಿಗೆ ಹಾಕಿ ಕಲಕಿದೆ. ಜಿಗುಟೇ ಇಲ್ಲ, ತಿಳಿ ಗಂಜಿ. ಗುಳ್ಳೆಗಳಿಗೆ ಕಣ್ಣಿಲ್ಲ ನೋಡಿ. ಹರಿಯಲು ಗೋಡೆ ಇರುವವರೆಗೆ ಗೋಡೆ ಹರಿಯುತ್ತವೆ, ಅದು ಮುಗಿದ ಮೇಲೆ ಹೊರಬಂದ ಸರವನ್ನೇ ತುಂಡು ಮಾಡುತ್ತವೆ. ತೂಕ ತಕ್ಕಡಿಗೆ ಗೊತ್ತು, ಜಿಗುಟು ಗೊತ್ತಿಲ್ಲ.

"ಸಾಹೇಬ್ರೆ, ಇದನ್ನ ಸಿರಪ್ಪಿಗೆ ಹಾಕಿದ್ರೆ ಸಿರಪ್ಪು ನೀರಾಗ್ತೈತೆ" ಎಂದೆ.

"ಮೊದ್ಲೇ ಹೇಳ್ಬೇಕಲ್ರಿ ಶಾಂತಮ್ಮ, ಮಿರ್ಚಿ ತರ್ಸೋಕೆ ಮುಂಚೆ!" ಎಂದರು. ಮಿರ್ಚಿ ಹೊಟ್ಟೆಯಲ್ಲಿದ್ದುದರಿಂದ ನಾನೂ ಹೆಚ್ಚು ಮಾತಾಡಲಿಲ್ಲ. ಮಕ್ಕಳೇ, ಇದನ್ನು ನೆನಪಿಡಿ. ಯಂತ್ರ ನಿಲ್ಲಿಸುವ ಹೊತ್ತನ್ನು ಕಂಡುಹಿಡಿಯುವುದೇ ಈ ಕೆಲಸದ ಅರ್ಧ. ಸಾಹೇಬರನ್ನು ನಿಲ್ಲಿಸುವುದು ಇನ್ನರ್ಧ.

ಸರಿಯಾದ ಹೊತ್ತು ಗೊತ್ತಾಗಲು ಬಹಳ ಬೆಂಡೆ ಖರ್ಚಾಯಿತು. ಕೊನೆಗೂ ಒಂದು ದಿನ ಸೋಸಿದ ನೀರಿಗೆ ಲೋಳೆ ಬೇರ್ಪಡಲೆಂದು ಆಲ್ಕೋಹಾಲ್ ಬೆರೆಸಿದಾಗ ಬಿಳಿ ಎಳೆಗಳು ಮೆಲ್ಲಗೆ ಮೇಲೆದ್ದವು, ಹಿಂಜಿದ ಅರಳೆಯ ಹಾಗೆ. ಹತ್ತಿ ಗಿರಣಿಗಳ ಊರಿನಲ್ಲಿ ಬೆಳೆದವಳಿಗೆ ಅದಕ್ಕಿಂತ ಚೆಂದದ ನೋಟ ಬೇರೆ ಇಲ್ಲ. ಜಿಗುಟೂ ಇತ್ತು, ತೂಕವೂ ಇತ್ತು. ಇನ್ನು ಗಿರಾಕಿಗೆ ಕಳಿಸುವ ಮಾದರಿ ತೆಗೆಯುವುದೊಂದೇ ಬಾಕಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಹಬ್ಬದ ದಿನ ಯಂತ್ರಕ್ಕೆ ಕೆಲಸವಿಲ್ಲ, ಅಂದು ಅದು ದೇವರು. ತಕ್ಕಡಿ, ಒಲೆ, ಹಂಡೆ, ಹೊಸ ಯಂತ್ರ, ಸಾಹೇಬರ ಕಾರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಮಾದರಿ ತೆಗೆಯಲು ಮಾರನೆಯ ದಿನ ವಿಜಯದಶಮಿಯನ್ನೇ ಸಾಹೇಬರು ಗೊತ್ತುಮಾಡಿದರು. ನಮ್ಮ ಕೆಮಿಸ್ಟ್ ಪ್ರವೀಣ, ಆನಗೋಡಿನ ಹುಡುಗ, ಓದಿನಲ್ಲಿ ಚುರುಕು, "ಮಿಷನ್‌ಗೆ ಮುಹೂರ್ತ ಯಾಕೆ ಮೇಡಂ, ಕರೆಂಟ್ ಇದ್ರೆ ಸಾಕಲ್ಲ" ಎಂದು ನಕ್ಕ. ನಕ್ಕರೂ ಬೆಳಿಗ್ಗೆ ಬೇಗನೆ ಬಂದು ಕಡ್ಡಿಯನ್ನು ತೊಳೆದು, ಒರೆಸಿ, ಫಳಫಳ ಮಾಡಿಟ್ಟ. ನಾನು ಮಂಜುಗಡ್ಡೆ ತರಿಸಲು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಸಾಹೇಬರು ತಾವೇ ಮುಚ್ಚಳ ಹಾಕಿ, ಸ್ವಿಚ್ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಪಾತ್ರೆಯ ಸುತ್ತಲಿನ ತೊಟ್ಟಿಗೆ ಹೊರಗಿನಿಂದಲೇ ಮಂಜು ಸುರಿದ ಕೂಡಲೇ ಒತ್ತಿದರು.

ಮಾದರಿ ಬೆಂಗಳೂರಿಗೆ ಹೋಯಿತು. ಹಾಲಮ್ಮ ದಿನಾ ಕೇಳುತ್ತಿದ್ದಳು, "ಸುದ್ದಿ ಬಂತಾ ಅಕ್ಕಾ?" ಸುದ್ದಿ ಬಂದ ದಿನ ಸಾಹೇಬರ ಮುಖ ನೋಡಿಯೇ ಎಲ್ಲರಿಗೂ ಗೊತ್ತಾಯಿತು. ಪುಡಿಯನ್ನು ಸುಟ್ಟು ನೋಡಿದಾಗ ಉಳಿಯುವ ಬೂದಿ ಮಿತಿ ಮೀರಿದೆ, ಮಾಲು ಶುದ್ಧವಿಲ್ಲ, ಬೇಡ ಎಂದಿದ್ದರು. ತರಕಾರಿಯ ಪುಡಿಯಲ್ಲಿ ಬೂದಿ ಹೆಚ್ಚಿದರೆ ಮಣ್ಣೋ ಸುಣ್ಣವೋ ಸೇರಿದೆ ಎಂದೇ ಅರ್ಥ.

"ಸಾಕು ಈ ಸರ್ಕಸ್ಸು. ಸೋಮವಾರದಿಂದ ಹಂಡೆ ಹಚ್ರಿ. ಮಿಷನ್ ವಾಪಸ್ ಕಳಿಸ್ತೀನಿ" ಎಂದರು ಸಾಹೇಬರು.

ಬಾಗಿಲಲ್ಲಿ ನಿಂತಿದ್ದ ಹಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಿಂದಿನ ಶೆಡ್ಡಿಗೆ ಹೋಗಿ, ಧೂಳು ಹಿಡಿದಿದ್ದ ಹಂಡೆಯನ್ನು ಉಜ್ಜಲು ಕೂತಳು. ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಉಜ್ಜುವವಳಿಗೆ ಏನು ಹೇಳುವುದು?

ನನಗೂ ಪ್ರವೀಣನಿಗೂ ತಲೆ ಕೆಟ್ಟುಹೋಯಿತು. ನೀರು ಪರೀಕ್ಷಿಸಿದೆವು, ಸರಿ ಇತ್ತು. ಬೆಂಡೆ ತೊಳೆದದ್ದು ನಾನೇ ನಿಂತು ನೋಡಿದ್ದೆ. ಉಳಿದ ಪುಡಿಯನ್ನು ಕುಲುಮೆಗಿಟ್ಟು ಸುಟ್ಟೆವು. ಬೆಳ್ಳಗಿನ ಬೂದಿ, ಅಷ್ಟೇ ಹೆಚ್ಚು. ಇನ್ನು ಉಳಿದದ್ದು ಯಂತ್ರ. ವಾಪಸ್ ಕಳಿಸಲು ಹೇಗೂ ಕಡ್ಡಿ ಬಿಚ್ಚಬೇಕಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ದೀಪ ಹಿಡಿದೆ. ಕಡ್ಡಿಯ ತುದಿ ಫಳಫಳ. ನೀರು ಮುಟ್ಟದ ಮೇಲ್ಭಾಗದಲ್ಲಿ ಮಾತ್ರ, ದಪ್ಪಗೆ, ಎದ್ದು ಕಾಣುವಂತೆ, ವಿಭೂತಿಯ ಬಳಿತ. ಅದು ಕೆಳಕ್ಕೆ ನೀರಿನ ಗೆರೆಯವರೆಗೆ ಬಂದು ಅಲ್ಲಿಗೆ ಕತ್ತರಿಸಿದಂತೆ ನಿಂತಿತ್ತು. ಅದರ ಕೆಳಗಿದ್ದದ್ದು ಎಲ್ಲಿ ಹೋಯಿತೆಂದು ಕೇಳಬೇಕಾಗಿರಲಿಲ್ಲ. ನಮ್ಮ ಯಂತ್ರದ ಹೆಗ್ಗಳಿಕೆಯೇ ಅದು, ಸಿಕ್ಕಿದ್ದನ್ನೆಲ್ಲ ಸೋಸುವ ಬಟ್ಟೆಗೂ ಸಿಗದಷ್ಟು ನುಣ್ಣಗೆ ಒಡೆದು ನೀರಿಗೆ ಬೆರೆಸುತ್ತದೆ. ವಿಭೂತಿ ಎಂದರೆ ಬೂದಿ. ಬೆಂಗಳೂರಿನವರು ಸುಟ್ಟು ನೋಡಿದ್ದು ನಮ್ಮ ಭಕ್ತಿಯನ್ನು.

ಶೆಡ್ಡಿಗೆ ಹೋದೆ. ಹಾಲಮ್ಮ ಇನ್ನೂ ಉಜ್ಜುತ್ತಿದ್ದಳು.

"ಹಾಲಮ್ಮ, ದಶಮಿ ದಿನ ಕಡ್ಡಿಗೆ ವಿಭೂತಿ ಹಚ್ಚಿದ್ದೇನು?"

"ಹೂಂ ಅಕ್ಕಾ. ಪ್ರವೀಣಪ್ಪ ಎಲ್ಲಾ ತೊಳ್ದು ಬೋಳು ಮಾಡಿಟ್ಟಿದ್ದ. ಮೊದಲ್ನೇ ದೊಡ್ಡ ಕೆಲ್ಸಕ್ಕೆ ಬೋಳು ಹಣೇಲಿ ಹೆಂಗೆ ಕಳ್ಸದು? ಗೆಲ್ಲಲಿ ಅಂತ ಬೇಡ್ಕಂಡು ಹಚ್ಚಿದೆ."

ನಾನು ಹೇಗೆ ಹೇಳಿದೆನೋ, ಹೇಳಿದೆ. ಅವಳ ಕೈಯಲ್ಲಿದ್ದ ತೆಂಗಿನ ನಾರು ಕೆಳಗೆ ಬಿತ್ತು.

"ಅಂದ್ರೆ ನನ್ ಕೈಯಾರೆ ನಾನೇ ಹಂಡೆ ಹಚ್ಕಂಡ್ನಾ ಅಕ್ಕಾ?"

"ಮಂಜುಗಡ್ಡೆ ನೀರು ಸೇರಿತ್ತು ಅಂತ ಹೇಳ್ತೀನಿ, ನೀನು ಸುಮ್ನಿರು" ಎಂದೆ. ಅವಳು ಕೇಳಲಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿ, ನೇರವಾಗಿ ಸಾಹೇಬರ ಕೋಣೆಗೆ ನಡೆದಳು. ನಾನು ಹಿಂದೆ ಓಡಿದೆ. ಪ್ರವೀಣ ನನ್ನ ಹಿಂದೆ.

"ಸಾಹೇಬ್ರೆ, ಮಿಷನ್ ತಪ್ಪಿಲ್ರಿ. ಕಡ್ಡಿಗೆ ವಿಭೂತಿ ಹಚ್ಚಿದ್ದು ನಾನು. ಅದಾ ಬೂದಿ. ನನ್ನ ಬೇಕಾರೆ ಬಿಡ್ಸಿ ಕಳಿಸ್ರಿ, ಮಿಷನ್ ಕಳಿಸ್ಬ್ಯಾಡ್ರಿ. ಇನ್ನೊಬ್ಳು ಯಾರಾದ್ರೂ ಆ ಹಂಡೆ ಮುಂದೆ ನಿಲ್ಬೇಕಾಗ್ತೈತೆ."

ಸಾಹೇಬರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಬಯ್ಗುಳಕ್ಕೆ ನಾನು ಸಿದ್ಧವಾಗಿ ನಿಂತಿದ್ದೆ.

"ಎಷ್ಟು ಹಚ್ಚಿದ್ದೆ?" ಎಂದು ಕೇಳಿದರು.

"ಮೂರೇ ಎಳಿ ರೀ. ಸಣ್ಣವು. ಅದೂ ಮ್ಯಾಲೆ."

"ಹೌದು, ಸಣ್ಣವೇ" ಎಂದರು ಸಾಹೇಬರು. ಕಿಟಕಿಯ ಕಡೆ ನೋಡುತ್ತ ಮುಂದುವರಿಸಿದರು. "ಮುಚ್ಚಳ ಹಾಕೋ ಮುಂಚೆ ನೋಡ್ದೆ. ಇಷ್ಟು ಸಣ್ಣಗೆ ಹಚ್ಚಿದ್ರೆ ದೇವ್ರಿಗೆ ಕಾಣ್ತೈತಾ ಅನ್ನಿಸ್ತು. ಮನೆ ಪೂಜೆ ವಿಭೂತಿ ಜೇಬಲ್ಲಿತ್ತು. ಮೇಲೆ ಕೆಳಗೆ ದಪ್ಪಕ್ಕೆ ಬಳ್ದೆ."

ಬಾಗಿಲ ಬಳಿ ಪ್ರವೀಣ ಕೆಮ್ಮಿದ.

"ಸರ್, ನೀವು ಹಚ್ಚೋದನ್ನ ನಾನು ನೋಡಿದ್ದೆ. ಒರೆಸ್ಬೇಕು ಅಂತ ಗೊತ್ತಿತ್ತು. ದೇವ್ರಿಗೆ ಹಚ್ಚಿದ್ದನ್ನ ಒರೆಸೋಕೆ ಧೈರ್ಯ ಬರ್ಲಿಲ್ಲ."

ಮುಹೂರ್ತ ಬೇಡವೆಂದು ನಕ್ಕಿದ್ದ ವಿಜ್ಞಾನಿ ಇವನೇ. ನನಗೆ ನಗು ತಡೆಯಲಾಗಲಿಲ್ಲ. ಸಾಹೇಬರು ಸಿಡುಕಲು ಬಾಯಿ ತೆರೆದರು, ಆದರೆ ಹೊರಬಂದದ್ದು ಅವರದೂ ನಗುವೇ. ಹಾಲಮ್ಮ ಮಾತ್ರ ನಗಲಿಲ್ಲ. ಅವಳಿಗೆ ನಗುವ ಸಮಯ ಇನ್ನೂ ಬಂದಿರಲಿಲ್ಲ. ಇದರಲ್ಲಿ ನನ್ನ ಪಾಲಿಲ್ಲ ಎಂದು ನಾನು ಬೀಗುವಂತಿಲ್ಲ. ಮಂಜುಗಡ್ಡೆ ತರಲು ಹೋಗದಿದ್ದರೆ ಒಂದು ಕುಂಕುಮದ ಬೊಟ್ಟನ್ನು ನಾನೂ ಇಡುತ್ತಿದ್ದೆ.

ಗಿರಾಕಿಗೆ ಏನು ಹೇಳುವುದೆಂಬ ಚರ್ಚೆ ಬಹಳ ಹೊತ್ತು ನಡೆಯಿತು. "ಯಂತ್ರದ ಮೇಲ್ಮೈಯಲ್ಲಿದ್ದ ಖನಿಜಾಂಶದ ಲೇಪನ" ಎಂದು ಪ್ರವೀಣ ಸೂಚಿಸಿದ. ಸಾಹೇಬರು ಫೋನು ಹಚ್ಚಿ, ಖನಿಜಾಂಶದವರೆಗೆ ಬಂದು ತಡವರಿಸಿ, ಕೊನೆಗೆ ಉಸಿರೆಳೆದು "ವಿಭೂತಿ ಕಣ್ರೀ" ಎಂದುಬಿಟ್ಟರು. ಆ ಕಡೆಯವರು ಅದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ, ಇನ್ನೊಂದು ಮಾದರಿ ಕಳಿಸಿ, ಅದೇ ಕೊನೆಯದು ಎಂದರಂತೆ.

ಎರಡನೆಯ ಸಲ ಹಬ್ಬವೂ ಇಲ್ಲ, ಮುಹೂರ್ತವೂ ಇಲ್ಲ. ಕಡ್ಡಿಯನ್ನು ನಾನೇ ತೊಳೆದೆ, ಪ್ರವೀಣ ಮತ್ತೆ ತೊಳೆದ, ಸಾಹೇಬರು ಕೈಗಳನ್ನು ಹಿಂದೆ ಕಟ್ಟಿಕೊಂಡು ದೂರ ನಿಂತರು. ಹಾಲಮ್ಮ ಕೋಣೆಯೊಳಗೇ ಬರಲಿಲ್ಲ. "ನನ್ ನೆಳ್ಳೂ ಬೀಳದು ಬ್ಯಾಡ" ಎಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಯಂತ್ರ ನಿಲ್ಲಿಸುವ ಹೊತ್ತಿಗೆ ಸಾಹೇಬರು, "ಇನ್ನೊಂಚೂರು ಬಿಡ್ರಿ, ಕೊನೇದಲ್ವಾ" ಎಂದು ಗೊಣಗಿದರು. ನಾನು ಕೇಳಿಸದವಳಂತೆ ಸ್ವಿಚ್ ಆರಿಸಿದೆ.

ಮಾದರಿ ಒಪ್ಪಿಗೆಯಾಯಿತು. ಗುಜರಿಯವರು ಬಂದು ಹಂಡೆಯನ್ನು ಹೊತ್ತೊಯ್ದರು. ಅದಿದ್ದ ಶೆಡ್ಡಿನಲ್ಲೇ ದೊಡ್ಡ ಯಂತ್ರ ಬಂದು ಕೂತಿತು. ಅದರ ಸ್ಟೀಲಿನ ಪಾತ್ರೆಗೆ ಜೋಡಿ ಗೋಡೆ, ನಡುವೆ ಸದಾ ಹರಿಯುವ ತಣ್ಣೀರು, ಎದೆಮಟ್ಟದ ಎತ್ತರ. ಮೊದಲ ದಿನ ಹಾಲಮ್ಮನಿಗೆ ಸ್ವಿಚ್ ತೋರಿಸಿ ಒತ್ತಲು ಹೇಳಿದೆವು. ಒತ್ತಿದಳು. ಯಂತ್ರ ಕಿರುಚಿತು. ಅವಳು ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿದು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೆಲಸ ಮುಗಿದು ಸದ್ದು ನಿಂತಿತು. ಹಬೆ ಇಲ್ಲ, ಬೆಂಕಿ ಇಲ್ಲ, ಬೆಂದ ವಾಸನೆ ಇಲ್ಲ.

ಹಾಲಮ್ಮ ನನ್ನ ಮುಖ ನೋಡಿದಳು. "ಮುಟ್ಲಾ?" ಎಂದಳು.

"ಮುಟ್ಟು."

ಸೆರಗಿನಿಂದ ಆ ಸುಟ್ಟ ಕೈಯನ್ನೇ ಹೊರಗೆ ತೆಗೆದು ಮೊದಲು ಬೆರಳ ತುದಿ ತಾಗಿಸಿದಳು. ಆಮೇಲೆ ಪೂರ್ತಿ ಅಂಗೈ ಇಟ್ಟಳು. ಆಮೇಲೆ ಮೊಣಕೈವರೆಗೆ ಇಡೀ ತೋಳನ್ನೇ ಪಾತ್ರೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ತಣ್ಣಗೈತೆ ಅಕ್ಕಾ" ಎಂದಳು.

ಸೋಸುವ ಕೆಲಸ ಕಾಯುತ್ತಿತ್ತು, ಸಾಹೇಬರು ಗಡಿಯಾರ ನೋಡುತ್ತಿದ್ದರು. ಅವಳು ಕೈ ತೆಗೆಯಲಿಲ್ಲ, ನಾವ್ಯಾರೂ ತೆಗೆ ಎನ್ನಲಿಲ್ಲ.